ಆಟಿಯ ಊಟದ ಜೊತೆಗೆ ಆಟಿಯ ಹಸಿವನ್ನೂ ಮಕ್ಕಳಿಗೆ ಹೇಳೋಣ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಎರಡು ವಾರಗಳ ಹಿಂದೆ ತಮ್ಮ ಪತ್ರಿಕೆಯ ಓದುಗರ ಪುಟದಲ್ಲಿ ಹಿರಿಯರೊಬ್ಬರು, ಮುಂಬಯಿಯ ನಮ್ಮ ಮಕ್ಕಳಿಗೆ ದೇಶದ ಇತಿಹಾಸವೇ ಗೊತ್ತಿಲ್ಲ, ಪರೀಕ್ಷೆ ಮುಗಿದ ಮರುದಿನ ಓದಿದ್ದೆಲ್ಲ ಮರೆತಿರುತ್ತದೆ, ಸಂಘಸಂಸ್ಥೆಗಳು ತಿಂಗಳಿಗೊಂದು ಉಪನ್ಯಾಸವನ್ನಾದರೂ ಏರ್ಪಡಿಸಬೇಕು ಎಂದು ಬರೆದಿದ್ದರು. ಅವರ ಸಂಕಟ ನನ್ನದೂ ಹೌದು. ಅದೇ ಸಂಚಿಕೆಯ ಒಳಪುಟಗಳಲ್ಲಿ ನಾಲ್ಕು ಕಡೆ ನಡೆದ ‘ಆಟಿಡೊಂಜಿ ದಿನ’ದ, ಅಂದರೆ ತುಳುವರ ಮಳೆಗಾಲದ ಆಟಿ ತಿಂಗಳ ನೆನಪಿಗೆ ಮಾಡುವ ಒಂದು ದಿನದ ಆಚರಣೆಯ, ವರದಿಗಳಿದ್ದವು. ಬಾಳೆಲೆಯ ಮೇಲೆ ಪತ್ರೊಡೆ, ತಜಂಕ್ ಪಲ್ಯ, ಕಣಿಲೆ (ಎಳೆ ಬಿದಿರು) ಗಸಿ, ಹಲಸಿನ ಬೀಜದ ಸಾರು; ಎಲೆಯ ಮುಂದೆ ಕುಳಿತು ಫೋಟೋಕ್ಕೆ ಮುಖ ತೋರಿಸುತ್ತಿರುವ ಮಕ್ಕಳು. ಪತ್ರವನ್ನೂ ಆ ಫೋಟೋಗಳನ್ನೂ ಒಟ್ಟಿಗೆ ನೋಡಿದಾಗ, ಹಿರಿಯರು ಬೇಡುತ್ತಿರುವ ಪಾಠ ಆ ಎಲೆಯ ಮೇಲೆಯೇ ಇತ್ತಲ್ಲ, ಯಾರೂ ಅದನ್ನು ಮಕ್ಕಳಿಗೆ ಬಿಡಿಸಿ ಹೇಳಲಿಲ್ಲವಲ್ಲ ಎಂದು ಮನಸ್ಸಿಗೆ ನೋವಾಯಿತು. ಹಾಗಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಬೇಕೆಂದು ವಿನಂತಿ.

ನಾನು ಮೂವತ್ತೆರಡು ವರ್ಷ ಕನ್ನಡ ರಾತ್ರಿಶಾಲೆಯಲ್ಲಿ ಇತಿಹಾಸ ಕಲಿಸಿದವನು. ಅದಕ್ಕೂ ಮೊದಲು ಅಂಥದೇ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು ಕಲಿತವನು. 1971ರಲ್ಲಿ, ಹದಿಮೂರರ ಪ್ರಾಯದಲ್ಲಿ, ಕಾರ್ಕಳದ ಹತ್ತಿರದ ಹಳ್ಳಿಯಿಂದ ಸೋದರಮಾವನ ಬೆನ್ನುಹತ್ತಿ ಬಂದು ಫೋರ್ಟ್ ಪರಿಸರದ ಒಂದು ಹೋಟೆಲಿನ ಮೋರಿಯಲ್ಲಿ ಕಪ್ಪುಬಸಿ ತೊಳೆಯಲು ನಿಂತೆ. ಆಟಿ ಎಂದರೇನು ಎಂಬುದು ನನಗೆ ವೇದಿಕೆಯಿಂದ ಗೊತ್ತಾದದ್ದಲ್ಲ.

ನಮ್ಮ ಕಡೆ ಆಟಿ ಹಸಿವಿನ ತಿಂಗಳು. ನೇಜಿ ನೆಟ್ಟು ಮುಗಿದು ಕೂಲಿ ನಿಂತಿರುತ್ತಿತ್ತು. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಬರಿದಾಗುತ್ತ ಬಂದ ಅಕ್ಕಿಮುಡಿ. ಗೇಣಿ ಅಳೆದುಕೊಟ್ಟ ಮೇಲೆ ಒಕ್ಕಲುಗಳ ಮನೆಯಲ್ಲಿ ಉಳಿಯುತ್ತಿದ್ದುದೇ ಅಷ್ಟು. ತಜಂಕ್ ಯಾಕೆ ತಿಂದೆವು? ಮೊದಲ ಮಳೆಗೆ ದಾರಿಬದಿಯಲ್ಲಿ ತಾನಾಗಿ ಹುಟ್ಟುವ ಸೊಪ್ಪು ಅದು, ಯಾರ ಗದ್ದೆಯದೂ ಅಲ್ಲ, ಕೊಯ್ಯಲು ಯಾರನ್ನೂ ಕೇಳಬೇಕಿರಲಿಲ್ಲ. ಹಲಸಿನ ಬೀಜವನ್ನು ಅಮ್ಮ ಬೇಸಿಗೆಯಲ್ಲೇ ಕೆಂಪು ಮಣ್ಣು ಹಚ್ಚಿ ಮೂಲೆಯಲ್ಲಿ ಜೋಪಾನ ಮಾಡಿಡುತ್ತಿದ್ದಳು. ಆಟಿ ಬಂದಾಗ ದಿನಕ್ಕಿಷ್ಟು ಎಂದು ಎಣಿಸಿ ತೆಗೆಯುತ್ತಿದ್ದಳು. ಆ ಬೆರಳುಗಳು ಬೀಜ ಎಣಿಸುವುದು ಈಗಲೂ ನನ್ನ ಕಣ್ಣಮುಂದಿದೆ: ಮಕ್ಕಳು ನಾಲ್ವರಿಗೆ ಐದೈದು, ಅಪ್ಪನಿಗೆ ಎಂಟು, ತನಗೆ ಗಂಜಿಯ ತಿಳಿ. ಕಳೆದ ವರ್ಷ ನಾನು ಹೋಗಿದ್ದ ಒಂದು ಆಟಿ ಕಾರ್ಯಕ್ರಮದಲ್ಲಿ ನಿರೂಪಕಿ, ನಮ್ಮ ಹಿರಿಯರು ಪೋಷಕಾಂಶಗಳನ್ನು ಅರಿತು ಈ ಆಹಾರಗಳನ್ನು ಆರಿಸಿಕೊಂಡಿದ್ದರು ಎಂದು ಮಕ್ಕಳಿಗೆ ಹೇಳಿದಳು. ಸೊಪ್ಪಿನಲ್ಲಿ ಪೋಷಕಾಂಶ ಇದ್ದೇ ಇದೆ. ಆದರೆ ನನ್ನ ಅಮ್ಮ ಅದನ್ನು ಆರಿಸಿಕೊಂಡಿರಲಿಲ್ಲ. ಬೇರೆ ಏನೂ ಇರಲಿಲ್ಲ. ಇದನ್ನು ಮರೆಮಾಚಿ ಮಕ್ಕಳಿಗೆ ಎಲೆ ಹಾಕಿದರೆ ನಮ್ಮ ತಾಯಂದಿರ ದುಡಿಮೆಯನ್ನೂ ಜಾಣ್ಮೆಯನ್ನೂ ನಾವೇ ಅಳಿಸಿಹಾಕಿದಂತೆ.

ಅಡುಗೆಯಿಂದ ಇತಿಹಾಸ ಕಲಿಸಬಹುದೆಂದು ನನಗೆ ಹೊಳೆದದ್ದು ಯಾವುದೋ ತರಬೇತಿಯಲ್ಲಲ್ಲ. ನಮ್ಮ ರಾತ್ರಿಶಾಲೆಯ ಹುಡುಗರು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಲೆ ಹೊತ್ತಿಸುವವರು. ರಾತ್ರಿ ಎಂಟಕ್ಕೆ ತರಗತಿಗೆ ಬಂದರೆ ಹತ್ತು ನಿಮಿಷದಲ್ಲಿ ಹಿಂದಿನ ಬೆಂಚು ತೂಕಡಿಸುತ್ತಿತ್ತು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದನು ಎಂದು ಬರೆಸುತ್ತಿದ್ದೆ, ಬರೆಯುತ್ತಿದ್ದರು, ಅಷ್ಟೇ. ಒಂದು ರಾತ್ರಿ ಮುಂದಿನ ಬೆಂಚಿನ ಹುಡುಗನಿಗೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಬೆಂದ ಬಟಾಟೆಯನ್ನು ಬಿಸಿಬಿಸಿಯಿರುವಾಗಲೇ ಸುಲಿದು ಸುಲಿದು ಬೆರಳ ತುದಿ ಕೆಂಪೇರಿತ್ತು. ಎಷ್ಟು ಸುಲಿದೆ ಎಂದು ಕೇಳಿದೆ. ನಲ್ವತ್ತು ಕಿಲೋ ಎಂದ. ಆ ಬಟಾಟೆ ಯಾವ ಊರಿನದು ಎಂದು ಕೇಳಿದೆ. “ತಳೇಗಾಂವ್ ಸಾರ್, ಗೋಣಿಯ ಮೇಲೆ ಬರೆದಿತ್ತು” ಎಂದ. ಅದಕ್ಕೂ ಮೊದಲು ಎಲ್ಲಿಯದು ಎಂದೆ. ತರಗತಿ ಎಚ್ಚರವಾಯಿತು.

ಆ ರಾತ್ರಿ ಪುಸ್ತಕ ಮುಚ್ಚಿಟ್ಟೆ. ಬಟಾಟೆ ದಕ್ಷಿಣ ಅಮೆರಿಕದ ಬೆಟ್ಟಗಳ ಬೆಳೆ, ಅದರ ಹೆಸರನ್ನು ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು, ಅದಕ್ಕೇ ಮಂಗಳೂರಿನವರೂ ಮುಂಬಯಿಯವರೂ ಬಟಾಟೆ, ಬಟಾಟಾ ಎನ್ನುವುದು, ಬೆಂಗಳೂರಿನವರು ಆಲೂಗಡ್ಡೆ ಎನ್ನುವುದು ಎಂದು ಹೇಳಿದೆ. ವಡಾಪಾವಿನ ಪಾವ್ ಅವರ ಮಾತು. ಪಪ್ಪಾಯಿಗೆ ನಾವು ಪರಂಗಿ ಹಣ್ಣು ಎನ್ನುತ್ತೇವೆ, ಪರಂಗಿಯವರು ತಂದ ಹಣ್ಣು. ಗೇರುಬೀಜ, ಅನಾನಸು, ಮೆಣಸಿನಕಾಯಿ ಎಲ್ಲವೂ ಅದೇ ಹಡಗುಗಳ ದಾರಿಯಲ್ಲಿ ಬಂದವು. ಮೆಣಸಿನಕಾಯಿ ಎಂದಕೂಡಲೇ ಹುಡುಗರು ಒಪ್ಪಲಿಲ್ಲ. ಮೆಣಸಿನಕಾಯಿ ಇಲ್ಲದೆ ನಮ್ಮವರು ಸಾರು ಹೇಗೆ ಮಾಡಿದರು ಎಂದು ಒಬ್ಬ ಎದ್ದುನಿಂತು ಕೇಳಿದ. ಇದಕ್ಕಿಂತ ಒಳ್ಳೆಯ ಇತಿಹಾಸದ ಪ್ರಶ್ನೆಯನ್ನು ನನಗೆ ಮೂವತ್ತೆರಡು ವರ್ಷಗಳಲ್ಲಿ ಯಾರೂ ಕೇಳಲಿಲ್ಲ.

ಉತ್ತರ ಆ ಹುಡುಗರ ಬಾಯಲ್ಲೇ ಇತ್ತು. ತುಳುವಿನಲ್ಲಿ ಮೆಣಸಿನಕಾಯಿಗೆ ಮುಂಚಿ, ಕರಿಮೆಣಸಿಗೆ ಎಡ್ಡೆಮುಂಚಿ. ಊರಿನ ಕನ್ನಡದಲ್ಲೂ ಒಳ್ಳೆಮೆಣಸು. ಹೊಸದೊಂದು ಬಂದು ಹೆಸರು ಹಂಚಿಕೊಂಡ ಮೇಲೆ ಹಳೆಯದು ‘ಒಳ್ಳೆಯದು’ ಆಯಿತು. ಮಂಗರಸ 1508ರ ಸುಮಾರಿಗೆ ಕನ್ನಡದಲ್ಲಿ ‘ಸೂಪಶಾಸ್ತ್ರ’ ಎಂದು ಅಡುಗೆಯ ಮೇಲೆಯೇ ಕಾವ್ಯ ಬರೆದ. ಅವನ ಅಡುಗೆಯ ಖಾರ ಈ ಒಳ್ಳೆಮೆಣಸಿನದು. ಅದೇ ಕಾಳಿಗಾಗಿ ಅಷ್ಟು ದೂರದಿಂದ ಹಡಗುಗಳು ಬಂದವು, 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಐವತ್ತು ವರ್ಷಗಳಿಗೂ ಮೀರಿ ಆಳಿ ಅವರಿಗೆ ಸೆಡ್ಡು ಹೊಡೆದಳು. ಅವಳನ್ನು ಅವರೇ ಮೆಣಸಿನ ರಾಣಿ ಎಂದು ಕರೆದರು. ಇಷ್ಟನ್ನೂ ಆ ಹುಡುಗರು ಒಂದಕ್ಷರ ಬರೆದುಕೊಳ್ಳದೆ ಕೇಳಿದರು. ಮೂರು ತಿಂಗಳ ನಂತರ ಪರೀಕ್ಷೆಯಲ್ಲಿ ಎಲ್ಲರೂ ಬರೆದರು.

ನಿವೃತ್ತನಾದ ಮೇಲೆ ಡೊಂಬಿವಲಿಯಲ್ಲಿ ಭಾನುವಾರದ ತರಗತಿ ಶುರುಮಾಡಿದೆ. ಈಗ ಹದಿನಾಲ್ಕು ಮಕ್ಕಳಿದ್ದಾರೆ, ಐದನೆಯ ತರಗತಿಯಿಂದ ಒಂಬತ್ತನೆಯದರವರೆಗೆ. ಓದುವುದು ಇಂಗ್ಲಿಷ್ ಮಾಧ್ಯಮ, ಮನೆಯಲ್ಲಿ ತುಳು ಅಥವಾ ಕನ್ನಡ, ಕೆಳಗೆ ಆಡಲು ಹೋದರೆ ಮರಾಠಿ. ಮೊದಲು ಒಂದು ಸಂಘದ ಸಭಾಗೃಹದ ಅಡುಗೆಕೋಣೆಯನ್ನು ಕೇಳಿದ್ದೆ. ಸಂಘದ ಹೆಸರು ಇಲ್ಲಿ ಬೇಡ. ಪದಾಧಿಕಾರಿಯೊಬ್ಬರು ನನ್ನೆದುರೇ, ಮಕ್ಕಳನ್ನು ಅಡುಗೆಭಟ್ಟರನ್ನಾಗಿ ಮಾಡಲು ನಾವು ಸಭಾಗೃಹ ಕಟ್ಟಿಸಿಲ್ಲ ಎಂದರು. ಆ ಮಾತು ಇನ್ನೂ ಚುಚ್ಚುತ್ತದೆ. ಆ ಸಭಾಗೃಹದ ಒಂದೊಂದು ಕಲ್ಲಿನ ಹಿಂದೆ ಹೋಟೆಲಿನ ಒಲೆಯ ಮುಂದೆ ಬೆವರಿಳಿಸಿದವರ ದುಡ್ಡಿದೆ. ಈ ನಗರದಲ್ಲಿ ನಮ್ಮವರು ಬೇರೂರಿದ್ದೇ ದೋಸೆಕಲ್ಲಿನ ಮುಂದೆ. 1942ರಲ್ಲಿ ಮಾಟುಂಗದಲ್ಲಿ ರಾಮ ನಾಯಕರು ಊಟದ ಮನೆ ತೆರೆದಾಗಿನಿಂದ, ಅದಕ್ಕೂ ಮೊದಲಿನಿಂದ, ಎಷ್ಟು ಸಾವಿರ ಹುಡುಗರು ಆ ಹೊಗೆಯಲ್ಲಿ ನಿಂತು ಊರಿಗೆ ಮನಿಯಾರ್ಡರ್ ಕಳಿಸಿದರು! ಭಟ್ಟರಾಗುವುದು ಅವಮಾನ ಎಂದು ಅವರ ಮೊಮ್ಮಕ್ಕಳಿಗೆ ನಾವು ಕಲಿಸಬಾರದು. ಕೊನೆಗೆ ನಮ್ಮ ಸೊಸೈಟಿಯವರು ನೆಲಮಹಡಿಯ ಕೋಣೆ ಕೊಟ್ಟರು. ಒಂದು ಗ್ಯಾಸ್ ಒಲೆ, ಒಂದು ತಕ್ಕಡಿ, ಗೋಡೆಗೆ ಭಾರತದ ನಕ್ಷೆ. ನಮ್ಮ ಶಾಲೆ ಅಷ್ಟೇ.

ಅಲ್ಲಿ ನಡೆದ ಒಂದೆರಡು ಪಾಠಗಳನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದು ಹೇಗೆ ಸಾಧ್ಯ ಎಂದು ಕೇಳುವವರಿದ್ದಾರೆ.

ಉಪ್ಪಿನ ಪಾಠಕ್ಕೆ ಮಲ್ಪೆಯಿಂದ ಬರುವ ನೆಂಟರ ಕೈಯಲ್ಲಿ ಎರಡು ಲೀಟರ್ ಕಡಲ ನೀರು ತರಿಸಿದೆ. ಮುಂಬಯಿಯ ಕಡಲ ನೀರನ್ನು ಮಕ್ಕಳ ನಾಲಿಗೆಗೆ ಮುಟ್ಟಿಸಲು ಮನಸ್ಸು ಒಪ್ಪಲಿಲ್ಲ. ಬಟ್ಟೆಯಲ್ಲಿ ಸೋಸಿ ಅಗಲವಾದ ಪಾತ್ರೆಯಲ್ಲಿ ಕಾಯಲು ಇಟ್ಟೆವು. ನೀರು ಇಂಗಲು ಒಂದು ತಾಸಿನ ಮೇಲೆ ಬೇಕು, ಅಷ್ಟರಲ್ಲಿ ಸಾಬರಮತಿಯಿಂದ ದಂಡಿಗೆ ಹೋಗಿಬರಬಹುದು. 1930ರ ಮಾರ್ಚ್ 12ರಂದು ಎಪ್ಪತ್ತೆಂಟು ಮಂದಿಯೊಂದಿಗೆ ಹೊರಟ ಗಾಂಧೀಜಿ, ಅವರಲ್ಲಿ ನಮ್ಮ ಹಾವೇರಿ ಕಡೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವ, ಇನ್ನೂರ ನಲ್ವತ್ತು ಮೈಲಿ ನಡಿಗೆ, ಏಪ್ರಿಲ್ 6ರ ಬೆಳಗ್ಗೆ ಒಂದು ಹಿಡಿ ಉಪ್ಪು. ಒಂದು ವಾರದೊಳಗೆ, ಏಪ್ರಿಲ್ 13ರಂದು, ಅಂಕೋಲೆಯ ಕಡಲತೀರದಲ್ಲೂ ಕಾನೂನು ಮುರಿಯಿತು. ಹೇಳುತ್ತಿರುವಾಗಲೇ ಪಾತ್ರೆಯ ಅಂಚಿನಲ್ಲಿ ಬಿಳಿ ಗೆರೆ ಮೂಡಿತು. ನೀರು ಮಂದವಾಗಿ ಚಿಟಚಿಟ ಸಿಡಿಯತೊಡಗಿತು, ಮಕ್ಕಳು ಹಿಂದೆ ಸರಿದರು. ಕೊನೆಗೆ ತಳದಲ್ಲಿ ಒದ್ದೆ ಬಿಳಿ ಪುಡಿ. ಒಣಗಿಸಿ ತೂಗಿದಾಗ ಎಪ್ಪತ್ತು ಗ್ರಾಂಗೆ ತುಸು ಕಡಿಮೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಚಿಟಿಕೆ ಬಾಯಿಗೆ ಹಾಕಿ, ಉಪ್ಪಿನ ಹಿಂದೆ ಕಹಿ ಇದೆ ಎಂದಳು. ಇದ್ದದ್ದೇ, ಕಡಲ ನೀರಿನ ಬೇರೆ ಲವಣಗಳೂ ಅದರಲ್ಲಿ ಉಳಿದಿರುತ್ತವೆ.

ಆಮೇಲೆ ಹೇಳಿದೆ: ಈಗ ನೀವು ಮಾಡಿದ ಕೆಲಸ 1882ರ ಉಪ್ಪಿನ ಕಾನೂನಿನಂತೆ ಅಪರಾಧ. ಆಗ ಮಾಡಿದ್ದರೆ ಪೊಲೀಸರು ಬಂದು ಪಾತ್ರೆಯನ್ನೂ ನಮ್ಮನ್ನೂ ಒಯ್ಯುತ್ತಿದ್ದರು. ಆ ಹುಡುಗಿ ಬಾಗಿಲ ಕಡೆ ತಿರುಗಿ ನೋಡಿದಳು. ಒಂದು ಕ್ಷಣ ನಿಜವಾಗಿ ಹೆದರಿದ್ದಳು. ಹೆಂಗಸರನ್ನೂ ಹಿಡಿಯುತ್ತಿದ್ದರೇ ಎಂದು ಕೇಳಿದಳು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಇದೇ ಮುಂಬಯಿಯಲ್ಲಿ ಉಪ್ಪಿನ ಪೊಟ್ಟಣ ಮಾರಿ ಜೈಲಿಗೆ ಹೋದ ಕತೆ ಹೇಳಿದೆ. ವಡಾಲಾ ಎಂದರೆ ನಮ್ಮ ಮಕ್ಕಳಿಗೆ ಹಾರ್ಬರ್ ಲೈನಿನ ಒಂದು ಸ್ಟೇಷನ್. ಆ ವಡಾಲಾದ ಉಪ್ಪಿನಗದ್ದೆಗಳಿಗೆ 1930ರ ಬೇಸಿಗೆಯಲ್ಲಿ ಸಾವಿರಾರು ಜನ ನುಗ್ಗಿದ್ದರು, ಲಾಠಿ ತಿಂದಿದ್ದರು. ಮುಂದಿನ ವಾರ ಒಬ್ಬ ಹುಡುಗ, ಭಾಂಡುಪ್ ದಾಟುವಾಗ ಹೆದ್ದಾರಿಯ ಪಕ್ಕದ ಉಪ್ಪಿನಗದ್ದೆಗಳನ್ನು ಅಪ್ಪನಿಗೆ ತೋರಿಸಿದೆ, ಅಪ್ಪನಿಗೆ ಅವು ಏನೆಂದು ಗೊತ್ತಿರಲಿಲ್ಲ ಎಂದು ಹೇಳಿದ. ಅಪ್ಪ ಇಪ್ಪತ್ತು ವರ್ಷಗಳಿಂದ ಆ ದಾರಿಯಲ್ಲಿ ಓಡಾಡುತ್ತಿದ್ದಾರೆ.

ಬರಗಾಲದ ಪಾಠ ಇನ್ನೂ ಕಷ್ಟದ್ದು, ಅದನ್ನು ಮಾಡಲೇಬೇಕೆಂದು ನನ್ನ ಹಟ. 1876ರಿಂದ 78ರವರೆಗೆ ದಕ್ಷಿಣ ಭಾರತವನ್ನು ನುಂಗಿದ ಬರ ಅದು, ಮೈಸೂರು ಸೀಮೆಯವರು ಧಾತು ಈಶ್ವರ ಬರ ಎಂದು ನೆನೆಯುವುದು. ಅರ್ಧಕೋಟಿಗೂ ಹೆಚ್ಚು ಜನ ಸತ್ತರು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಗಳೆಲ್ಲ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು, ಆ ಜನರ ಅನ್ನದ ಲೆಕ್ಕ ಇದೇ ಆಡಳಿತದ ಕೈಯಲ್ಲಿತ್ತು. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ ಬರಗಾಲದ ಕಾಮಗಾರಿಗೆ ಬಂದ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯದ ಬೆಲೆ, ಅದರ ಮೇಲೆ ಸ್ವಲ್ಪ ಚಿಲ್ಲರೆ ಕಾಸು ಎಂದು ಗೊತ್ತುಮಾಡಿದ.

ಒಂದು ಪೌಂಡ್ ಎಂದರೆ 454 ಗ್ರಾಂ. ಜೋಳದ ಹಿಟ್ಟು ತೂಗಿದೆವು. ನಮ್ಮ ಕಟ್ಟಡದಲ್ಲಿ ವಿಜಯಪುರದ ಕಡೆಯ ತಾಯಿಯೊಬ್ಬರಿದ್ದಾರೆ, ಎಸರು ಕಾಯಿಸಿ ಹಿಟ್ಟು ನಾದಿ ರೊಟ್ಟಿ ಬಡಿದುಕೊಟ್ಟರು. ಎಂಟಾದವು. ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿದಾಗ ಮಕ್ಕಳು, ಇಷ್ಟೊಂದಾ, ಇದು ಧಾರಾಳ ಸಾಕು ಎಂದರು. ಪಾಠ ಕೈತಪ್ಪಿತೆಂದೇ ನಾನು ತಿಳಿದೆ. ಆಗ ಆ ತಾಯಿ ಕೆಳಗೆ ಕುಳಿತು, ಹೊಲದಲ್ಲಿ ದುಡಿಯುವ ನನ್ನ ತಮ್ಮ ಒಂದು ಹೊತ್ತಿಗೇ ನಾಲ್ಕು ಉಣ್ಣುತ್ತಾನೆ, ಜೊತೆಗೆ ಪಲ್ಯ, ಬೇಳೆ, ಶೇಂಗಾ ಚಟ್ನಿ, ಮೊಸರು ಇರುತ್ತವೆ ಎಂದರು. ಇದು ಇಡೀ ದಿನ ಕಲ್ಲು ಒಡೆದವನಿಗೆ, ಬರೀ ರೊಟ್ಟಿ. ಮನೆಯಲ್ಲಿ ಮುದುಕಿಯಿದ್ದರೆ ಎಂದು ಕೇಳಿ ಎರಡು ರೊಟ್ಟಿ ಬದಿಗಿಟ್ಟರು. ನಡೆಯಲಾರದ ಕೂಸಿದ್ದರೆ ಎಂದು ಇನ್ನೊಂದು. ಹೆಂಡತಿ ಬಾಣಂತಿಯಾಗಿ ಕೆಲಸಕ್ಕೆ ಹೋಗಲಾರದಿದ್ದರೆ? ಒಬ್ಬ ಹುಡುಗ ತಾನೇ ಕೈಹಾಕಿ ಎರಡು ತೆಗೆದ. ತಟ್ಟೆಯಲ್ಲಿ ಮೂರು ಉಳಿದವು. ಯಾರೂ ಮಾತಾಡಲಿಲ್ಲ. ಆ ವರ್ಷದ ಜನವರಿ 1ರಂದೇ ದಿಲ್ಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದರು ಎಂಬುದನ್ನು ನಕ್ಷೆಯಲ್ಲಿ ದಿಲ್ಲಿಯ ಮೇಲೆ ಬೆರಳಿಟ್ಟು ಹೇಳಿದೆ. ಮುಂಬಯಿ ಪ್ರಾಂತ್ಯದ ಕೂಲಿಗಳು ಆ ಕೂಲಿಯನ್ನು ಧಿಕ್ಕರಿಸಿ ಕಾಮಗಾರಿ ಬಿಟ್ಟು ಹೊರಟರು ಎಂಬುದನ್ನೂ ಹೇಳಿದೆ, ಏಕೆಂದರೆ ನಮ್ಮವರು ಸುಮ್ಮನೆ ಸತ್ತರು ಎಂದು ಮಕ್ಕಳು ತಿಳಿಯಬಾರದು.

ಎಲ್ಲ ಹಸಿವನ್ನೂ ಪರಂಗಿಯವರ ಲೆಕ್ಕಕ್ಕೆ ಹಾಕಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಒಂದು ಭಾನುವಾರ ಒಲೆ ಹಚ್ಚಲಿಲ್ಲ. ಮಣೆಯ ಮೇಲೆ ಒಂದು ಲೋಟ ನೀರು, ಅದರ ಪಕ್ಕ ಒಂದು ತೆಂಗಿನ ಗೆರಟೆ ಇಟ್ಟೆ. ನನ್ನ ಅಜ್ಜಿ ನಮ್ಮ ಗದ್ದೆಗೆ ದುಡಿಯಲು ಬರುತ್ತಿದ್ದವರಿಗೆ, ಮುಟ್ಟಬಾರದ ಜಾತಿಯವರೆಂದು ಲೋಟ ಕೊಡದೆ, ಅಂಗಳದಲ್ಲಿ ಗೆರಟೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಅದನ್ನು ಮಕ್ಕಳೆದುರು ಹೇಳುವಾಗ ನನ್ನ ಗಂಟಲು ಕಟ್ಟಿತು, ಆದರೂ ಹೇಳಿದೆ. ಡಾ. ಅಂಬೇಡ್ಕರರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಬೊಗಸೆ ನೀರು ಕುಡಿದದ್ದು ಈ ಗೆರಟೆಗೆ ಕೊಟ್ಟ ಉತ್ತರ. ಮಹಾಡ ದೂರವೇನಲ್ಲ. ಊರಿಗೆ ಹೋಗುವ ನಮ್ಮ ಬಸ್ಸುಗಳು ಗೋವಾ ಹೆದ್ದಾರಿಯಲ್ಲಿ ಅದರ ಪಕ್ಕದಿಂದಲೇ ಹಾಯುತ್ತವೆ.

ಗೋಧಿಯ ಪಾಠಕ್ಕೆ ನಾನೇ ಸಾಕ್ಷಿ. ಶಾಲೆಯಲ್ಲಿ ಮಧ್ಯಾಹ್ನ ‘ಕೇರ್’ ಸಂಸ್ಥೆಯ ಸಜ್ಜಿಗೆ ಹಂಚುತ್ತಿದ್ದರು, ನಾವು ಉಪ್ಪಳಿಗೆ ಎಲೆ ಹಿಡಿದು ಸಾಲು ನಿಲ್ಲುತ್ತಿದ್ದೆವು. ಅಮೆರಿಕದಿಂದ ಬಂದ ಚೀಲಗಳ ಮೇಲೆ ಕೈಕುಲುಕುವ ಎರಡು ಕೈಗಳ ಚಿತ್ರವಿರುತ್ತಿತ್ತು. ಆ ಚಿತ್ರ ಯಾಕೆಂದು ಕೇಳುವ ಬುದ್ಧಿ ಆಗ ಇರಲಿಲ್ಲ. 1954ರ ಪಿ.ಎಲ್. 480 ಎಂಬ ಅಮೆರಿಕದ ಧಾನ್ಯ ನೆರವಿನ ಕಾಯ್ದೆ, 1965 ಮತ್ತು 66ರ ಸಾಲು ಬರ, ಹಡಗಿನಿಂದ ಇಳಿದ ಗೋಧಿ ನೇರ ಜನರ ತಟ್ಟೆಗೆ ಹೋಗುತ್ತಿದ್ದ ಆ ದಿನಗಳು, ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ದೇಶವನ್ನು ಕೇಳಿಕೊಂಡ ಶಾಸ್ತ್ರೀಜಿ, ಇದೆಲ್ಲ ನನಗೆ ಬಹಳ ತಡವಾಗಿ ತಿಳಿಯಿತು. 1966ರಲ್ಲಿ ಮೆಕ್ಸಿಕೋದಿಂದ ಹದಿನೆಂಟು ಸಾವಿರ ಟನ್ ಬಿತ್ತನೆ ಗೋಧಿ ತರಿಸಿದರು. ಅದರ ಕಾಳು ಕೆಂಪು, ನಮ್ಮ ಜನ ಕೆಂಪು ಚಪಾತಿಯನ್ನು ಒಪ್ಪಲಿಲ್ಲ. ಕೃಷಿ ವಿಜ್ಞಾನಿ ಸ್ವಾಮಿನಾಥನ್ ಮತ್ತು ಅವರ ಸಂಗಡಿಗರು ಸೊನೊರಾ ಎಂಬ ಆ ತಳಿಗೆ ವಿಕಿರಣ ಹಾಯಿಸಿ ನಸುಹಳದಿ ಕಾಳಿನ ಶರಬತಿ ಸೊನೊರಾ ತಳಿ ಪಡೆದರು. ಮಕ್ಕಳು ಚಪಾತಿ ಲಟ್ಟಿಸುತ್ತ ಇದನ್ನು ಕೇಳಿದರು. ಗೃಹಿಣಿಯರಿಗೆ ಬಣ್ಣ ಹಿಡಿಸದ್ದಕ್ಕೆ ವಿಜ್ಞಾನಿಗಳು ಕೆಲಸ ಮಾಡಿದರು ಎಂಬುದು ಹೆಣ್ಣುಮಕ್ಕಳಿಗೆ ಬಹಳ ಹಿಡಿಸಿತು.

ದೇಶವಿಭಜನೆಗೆ ನಾವು ರೈಲು ಹತ್ತಿದೆವು. ಡೊಂಬಿವಲಿಯಿಂದ ನಾಲ್ಕನೆಯ ಸ್ಟೇಷನ್ ಉಲ್ಲಾಸನಗರ. ಯುದ್ಧಕಾಲದ ಸೈನಿಕ ಶಿಬಿರವಾಗಿದ್ದ ಕಲ್ಯಾಣ ಕ್ಯಾಂಪಿನಲ್ಲಿ ಸಿಂಧ್‌ನಿಂದ ಬಂದ ನಿರಾಶ್ರಿತರು ತುಂಬಿಕೊಂಡು 1949ರಲ್ಲಿ ಅದಕ್ಕೆ ಈ ಹೆಸರು ಬಂತು. ನನ್ನ ಹಳೆಯ ಸಹೋದ್ಯೋಗಿಯ ಪರಿಚಯದ ಒಬ್ಬ ಸಿಂಧಿ ಅಜ್ಜಿ ಮಕ್ಕಳಿಗೆ ದಾಲ್ ಪಕ್ವಾನ್ ಕಲಿಸಿದರು. ಮೈದಾಕ್ಕೆ ಓಮ ಹಾಕಿ ಗಟ್ಟಿಯಾಗಿ ಕಲಸುವುದು, ಉಬ್ಬದಂತೆ ಮುಳ್ಳುಚಮಚದಿಂದ ಚುಚ್ಚುವುದು, ಸಣ್ಣ ಉರಿಯಲ್ಲಿ ಕರಿಯುವುದು. ವಿಭಜನೆಯ ಬಗ್ಗೆ ಅವರು ಹೆಚ್ಚು ಮಾತಾಡಲಿಲ್ಲ, ಮಕ್ಕಳು ಒತ್ತಾಯಿಸಲೂ ಇಲ್ಲ. ಒಬ್ಬಳು ಮಾತ್ರ ನಿಮ್ಮ ಊರು ಯಾವುದು ಎಂದು ಕೇಳಿದಳು. ಶಿಕಾರ್‌ಪುರ ಎಂದರು ಅಜ್ಜಿ. ಹುಡುಗಿ ಕಣ್ಣರಳಿಸಿ, ನನ್ನ ಅಮ್ಮನ ತವರೂ ಶಿಕಾರಿಪುರ, ಶಿವಮೊಗ್ಗದ ಹತ್ತಿರ, ರಜೆಯಲ್ಲಿ ಹೋಗುತ್ತೇವೆ ಎಂದಳು. ಅಜ್ಜಿ ಅವಳ ಕೈಹಿಡಿದುಕೊಂಡು, “ನೀನು ಹೋಗಿ ಬರಬಹುದು” ಎಂದರು. ಅಷ್ಟೇ ಅಂದದ್ದು. ವಾಪಸು ಬರುವ ರೈಲಿನಲ್ಲಿ ಆ ಹುಡುಗಿ ನನ್ನನ್ನು, ಅಜ್ಜಿಯ ಊರಿಗೆ ಯಾಕೆ ಹೋಗಲಾಗುವುದಿಲ್ಲ ಎಂದು ಕೇಳಿದಳು. ಕಲ್ಯಾಣ ದಾಟಿ ಡೊಂಬಿವಲಿ ಬರುವವರೆಗೂ ಅದೇ ಮಾತು. ಗಡಿ ಎಂದರೇನು ಎಂಬುದನ್ನು ನಾನು ಶಾಲೆಯಲ್ಲಿ ಇಷ್ಟು ಚೆನ್ನಾಗಿ ಎಂದೂ ಕಲಿಸಿರಲಿಲ್ಲ.

ಹೇಳುತ್ತ ಹೋದರೆ ಇನ್ನೂ ಇವೆ. ಮುಂಬಯಿಗೆ ಹೋಗುತ್ತಿದ್ದ ಹಾಲನ್ನು ತಡೆಹಿಡಿದು ಖೇಡಾದ ರೈತರು 1946ರಲ್ಲಿ ಹೂಡಿದ ಮುಷ್ಕರವನ್ನು, ಅದರಿಂದ ಹುಟ್ಟಿದ ಅಮುಲ್ ಅನ್ನು, ಒಂದು ಲೋಟ ಚಹಾ ಮಾಡುವಷ್ಟರಲ್ಲಿ ಹೇಳಬಹುದು. 1942ರಲ್ಲಿ ಬರ್ಮಾ ಜಪಾನಿಯರ ಪಾಲಾಗಿ ಅಕ್ಕಿ ನಿಂತುಹೋದದ್ದನ್ನು, ಮರುವರ್ಷ ಮುಂಬಯಿಗೆ ರೇಷನ್ ಬಂದದ್ದನ್ನು ರವೆ ಇಡ್ಲಿ ಬೇಯುವಾಗ ಹೇಳಬಹುದು.

ಉಪನ್ಯಾಸ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಪತ್ರ ಬರೆದ ಹಿರಿಯರಲ್ಲಿಯೂ ಸಂಘಗಳ ಪದಾಧಿಕಾರಿಗಳಲ್ಲಿಯೂ ಕೈಮುಗಿದು ಕೇಳುವುದಿಷ್ಟೆ. ಮುಂದಿನ ಆಟಿಗೆ ಮಕ್ಕಳನ್ನು ಎಲೆಯ ಮುಂದೆ ಕೂರಿಸುವ ಮೊದಲು ಅಡುಗೆಕೋಣೆಗೆ ಕರೆಯಿರಿ. ತಜಂಕ್ ಅವರೇ ಬಿಡಿಸಲಿ, ಹಲಸಿನ ಬೀಜದ ಸಿಪ್ಪೆ ಅವರೇ ತೆಗೆಯಲಿ, ಗಂಡುಮಕ್ಕಳೂ ಕೂಡ. ಎಂಬತ್ತು ದಾಟಿದ ಅಜ್ಜಿಯಂದಿರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರನ್ನು ಸನ್ಮಾನದ ಶಾಲು ಹೊದಿಸಿ ಕಳಿಸಿಬಿಡಬೇಡಿ. ಆಟಿಯಲ್ಲಿ ಅವರ ಮನೆಯಲ್ಲಿ ಎಷ್ಟು ಅಕ್ಕಿ ಇರುತ್ತಿತ್ತು, ಎಷ್ಟು ಜನ ಉಣ್ಣುತ್ತಿದ್ದರು, 1974ರ ಭೂಸುಧಾರಣೆಯ ಮೇಲೆ ಏನು ಬದಲಾಯಿತು ಎಂದು ಮಕ್ಕಳು ಅವರನ್ನು ಕೇಳಲಿ. ಪತ್ರೊಡೆಯ ಪಕ್ಕ ಒಂದು ಬಟ್ಟಲಲ್ಲಿ ಒಳ್ಳೆಮೆಣಸು, ಒಂದರಲ್ಲಿ ಮೆಣಸಿನಕಾಯಿ ಇಟ್ಟು ಯಾವುದು ಎಲ್ಲಿಂದ ಬಂತೆಂದು ಬರೆದಿಡಿ. ಎಲ್ಲವೂ ಸಾವಿರಾರು ವರ್ಷ ಹಳೆಯದು ಎಂದು ಮೈಕಿನಲ್ಲಿ ಹೇಳುವ ಮುನ್ನ ಒಮ್ಮೆ ವಿಚಾರಿಸಿ ನೋಡಿ. ಹೋಟೆಲು ನಡೆಸುವ ಬಂಧುಗಳು ಮಧ್ಯಾಹ್ನ ಮೂರರಿಂದ ನಾಲ್ಕರ ಬಿಡುವಿನಲ್ಲಿ ತಿಂಗಳಿಗೊಮ್ಮೆ ಹತ್ತು ಮಕ್ಕಳನ್ನು ಒಳಗೆ ಬಿಟ್ಟುಕೊಂಡರೆ, ನಿಮ್ಮ ಭಟ್ಟರಿಗಿಂತ ಒಳ್ಳೆಯ ಮೇಷ್ಟರು ಸಿಗಲಾರರು.

ಕೊನೆಯದಾಗಿ ಒಂದು ಸ್ವಂತ ಕೋರಿಕೆ. 1025ರ ಸುಮಾರಿಗೆ ಚಾವುಂಡರಾಯ ಎಂಬ ಕವಿ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಇಡ್ಲಿ ಮಾಡುವ ಕ್ರಮವಿದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ರುಬ್ಬಿ, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಒಳ್ಳೆಮೆಣಸು, ಇಂಗು ಸೇರಿಸುವುದು. ಅಕ್ಕಿಯ ಮಾತೇ ಇಲ್ಲ. ಇದನ್ನು ಕೇಳಿದಾಗಿನಿಂದ ಮಕ್ಕಳು ಆ ಇಡ್ಲಿ ತಿನ್ನಬೇಕೆಂದು ಕಾಡುತ್ತಿದ್ದಾರೆ. ಮಿಕ್ಸರಿನಲ್ಲಿ ಒಮ್ಮೆ ಮಾಡಿ ನೋಡಿದೆವು, ಹಿಟ್ಟು ಬಿಸಿಯಾಗಿ ಸರಿಬರಲಿಲ್ಲ. ರುಬ್ಬುವ ಕಲ್ಲು ಬೇಕು. ನಾನು ಮೋರಿಯಿಂದ ಬಡ್ತಿ ಪಡೆದು ಎರಡು ವರ್ಷ ತಿರುಗಿಸಿದಂಥದು, ಗುಂಡುಕಲ್ಲನ್ನು ಕೈಯಲ್ಲಿ ಆಡಿಸುವಂಥದು. ಗ್ರೈಂಡರ್ ಬಂದ ಮೇಲೆ ಹಲವು ಹೋಟೆಲುಗಳ ಹಿತ್ತಿಲಲ್ಲಿ, ಗೋದಾಮಿನಲ್ಲಿ ಅಂಥ ಕಲ್ಲುಗಳು ಬಿದ್ದಿವೆ ಎಂದು ಬಲ್ಲೆ. ಯಾರಾದರೂ ಒಂದನ್ನು ಕೊಡುವಿರಾದರೆ ದಯವಿಟ್ಟು ತಮ್ಮ ಪತ್ರಿಕೆಯ ಕಚೇರಿಗೆ ತಿಳಿಸಲಿ. ಟೆಂಪೋ ಬಾಡಿಗೆ ನಾನೇ ಕೊಡುತ್ತೇನೆ. ಇಳಿಸಿಕೊಳ್ಳಲು ಹದಿನಾಲ್ಕು ಜೊತೆ ಕೈಗಳಿವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ರಾತ್ರಿಶಾಲೆ ಶಿಕ್ಷಕ
ಡೊಂಬಿವಲಿ ಪೂರ್ವ